ಅಂಟುವಾಳದ ಕುಲದಲ್ಲೊಂದು ಮೇಪಲ್: ಕಾಸರಗೋಡಿನಲ್ಲಿ ನಾಲ್ಕು ದಿನ

ಮೊದಲ ದಿನ: ನೀರ್ಚಾಲು

ದೀಪಾವಳಿ ಮುಗಿದು ವಾರ ಕಳೆದಿತ್ತು. ಅಮೆರಿಕದ ಬಾಸ್ಟನ್ ಸಮೀಪ ನೆಲೆಸಿರುವ ತಂಗಿಯ ಮಗಳು, ಊರಿಗೆ ಹೊರಟಿದ್ದ ಪರಿಚಿತರ ಕೈಯಲ್ಲಿ ನನಗೊಂದು ದಪ್ಪ ಲಕೋಟೆಯನ್ನು ಕೊಟ್ಟು ಕಳುಹಿಸಿದ್ದಳು. ಒಳಗೆ ಎರಡು ರಟ್ಟುಗಳ ನಡುವೆ ಒತ್ತಿ ಒಣಗಿಸಿದ ಒಂದು ಎಲೆ, ಅದರ ಪಕ್ಕದಲ್ಲಿ ಅಂಟಿಸಿದ ಒಂದು ಜೋಡಿ ರೆಕ್ಕೆಕಾಯಿ ಮತ್ತು ಒಂದು ಚೀಟಿ ಇದ್ದವು. "ಮಾವ, ಇದು ಮೇಪಲ್ ಮರದ ಎಲೆ ಎಂದರೆ ಇಲ್ಲಿ ನನ್ನ ಗೆಳತಿಯರೇ ನಂಬುತ್ತಿಲ್ಲ. ನಮ್ಮೂರಿನಲ್ಲಿ ಇದಕ್ಕೆ ನೆಂಟರು ಯಾರಾದರೂ ಇದ್ದಾರೆಯೇ?" ಎಂದು ಚೀಟಿಯಲ್ಲಿ ಬರೆದಿದ್ದಳು. ಮೂವತ್ತು ವರ್ಷ ಸಸ್ಯಶಾಸ್ತ್ರವನ್ನು ಕಲಿಸಿದವನಿಗೆ ಇಂಥ ಪ್ರಶ್ನೆ ಬಂದ ಮೇಲೆ ಮನೆಯಲ್ಲಿ ಕುಳಿತಿರುವುದು ಸಾಧ್ಯವಿರಲಿಲ್ಲ. ಲಕೋಟೆಯನ್ನೂ ಭೂತಕನ್ನಡಿಯನ್ನೂ ಚೀಲಕ್ಕೆ ಹಾಕಿಕೊಂಡು ಕಾಸರಗೋಡಿನಿಂದ ಬದಿಯಡ್ಕದ ಬಸ್ಸು ಹತ್ತಿ, ನೀರ್ಚಾಲಿನಲ್ಲಿರುವ ದೊಡ್ಡಮ್ಮನ ಮನೆಗೆ ಬಂದೆ.

ಅವಳ ಗೆಳತಿಯರು ನಂಬದಿರುವುದಕ್ಕೆ ಕಾರಣವಿದೆ. ಮೇಪಲ್ ಎಂದ ಕೂಡಲೇ ಜಗತ್ತಿನ ಕಣ್ಣ ಮುಂದೆ ಬರುವುದು 1965ರಲ್ಲಿ ಕೆನಡಾ ತನ್ನ ಬಾವುಟದ ಮೇಲೆ ಇರಿಸಿಕೊಂಡ, ಬೆರಳು ಬಿಡಿಸಿದ ಅಂಗೈಯಂಥ ಎಲೆ. ಆದರೆ ಅವಳು ಕಳುಹಿಸಿದ ಎಲೆಯಲ್ಲಿ ಒಂದೇ ತೊಟ್ಟಿನ ತುದಿಗೆ ಮೂರು ಬಿಡಿ ಕಿರುಎಲೆಗಳಿದ್ದವು. ನಡುವಿನದಕ್ಕೆ ಮಾತ್ರ ಗಿಡ್ಡ ತೊಟ್ಟು, ಪಕ್ಕದ ಎರಡಕ್ಕೆ ಅದೂ ಇಲ್ಲದಷ್ಟು ಕಡಿಮೆ. ಅಂಚಿನಲ್ಲಿ ಮೊಂಡಾದ ದೊಡ್ಡ ಹಲ್ಲುಗಳು. ಹಿಂಬದಿಯಲ್ಲಿ ಬೂದಿ ಸವರಿದಂಥ ನಸುಬಿಳುಪು ಮತ್ತು ಮೃದುವಾದ ರೋಮ. ಒಣಗಿದ ಮೇಲೂ ಎಲೆಯ ಮೇಲ್ಮೈಯಲ್ಲಿ ಶರತ್ಕಾಲದ ಕೆಂಪು ಉಳಿದಿತ್ತು. ಇದು ಏಸರ್ ಗ್ರಿಸಿಯಮ್, ಅಂದರೆ ಕಾಗದದ ತೊಗಟೆಯ ಮೇಪಲ್. ಇದರ ತವರು ಮಧ್ಯ ಚೀನಾದ ಬೆಟ್ಟಗಳು. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಅಡಿಗೆ ನಿಲ್ಲುವ ಸಣ್ಣ ಮರ. ದಾಲ್ಚಿನ್ನಿ ಬಣ್ಣದ ತೊಗಟೆ ತೆಳುವಾದ ಹಾಳೆಗಳಾಗಿ ಸುಲಿದು, ಸುರುಳಿ ಸುತ್ತಿಕೊಂಡು ಕಾಂಡದ ಮೇಲೆಯೇ ತೂಗುತ್ತಿರುತ್ತದೆ. ನಮ್ಮ ಹಿತ್ತಿಲಿನ ಪೇರಳೆ ಮರದ ತೊಗಟೆ ಸುಲಿಯುವುದನ್ನು ಕಂಡವರು ಅದನ್ನೇ ನಾಲ್ಕು ಪಟ್ಟು ಹೆಚ್ಚಿಸಿ, ಕೆಂಪು ಬಳಿದು ಊಹಿಸಿಕೊಳ್ಳಬಹುದು.

ಫ್ರೆಂಚ್ ಸಸ್ಯಶಾಸ್ತ್ರಜ್ಞ ಫ್ರಾಂಷೆ ಇದನ್ನು 1894ರಲ್ಲಿ ಜಪಾನಿನ ಇನ್ನೊಂದು ಮೂರೆಲೆಯ ಮೇಪಲ್‌ನ ಉಪಭೇದವೆಂದು ಬಗೆದಿದ್ದರು. 1902ರಲ್ಲಿ ಜರ್ಮನಿಯ ಪಾಕ್ಸ್ ಅದನ್ನು ಸ್ವತಂತ್ರ ಪ್ರಭೇದವಾಗಿ ಬೇರ್ಪಡಿಸಿದರು. ಅದರ ಹಿಂದಿನ ವರ್ಷವೇ, 1901ರಲ್ಲಿ, ಸಸ್ಯಸಂಗ್ರಾಹಕ ಅರ್ನೆಸ್ಟ್ ವಿಲ್ಸನ್ ಇಂಗ್ಲೆಂಡಿನ ವೀಚ್ ನರ್ಸರಿಗಾಗಿ ಇದರ ಬೀಜಗಳನ್ನು ಚೀನಾದಿಂದ ತಂದಿದ್ದರು. ಇಂದು ಯುರೋಪ್, ಅಮೆರಿಕಗಳ ತೋಟಗಳಲ್ಲಿ ಇದು ಅಪರೂಪವೇನಲ್ಲ. ತವರಿನ ಕಾಡಿನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಎಂಬಂತೆ ಚದುರಿಹೋಗಿದ್ದು, ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಮರಗಳ ಸಾಲಿಗೆ ಸೇರಿದೆ.

ರಾತ್ರಿ ಊಟವಾದ ಮೇಲೆ ಆ ರೆಕ್ಕೆಕಾಯಿಯನ್ನು ಒಡೆದು ನೋಡುವ ಮನಸ್ಸಾಯಿತು. ಮೇಪಲ್ ಕುಲವನ್ನು ಗುರುತಿಸಲು ಇದಕ್ಕಿಂತ ಖಚಿತವಾದ ಚಿಹ್ನೆ ಇನ್ನೊಂದಿಲ್ಲ. ಎರಡು ಕಾಯಿಗಳು ಬುಡದಲ್ಲಿ ಬೆನ್ನಿಗೆ ಬೆನ್ನು ಅಂಟಿಕೊಂಡು, ಪ್ರತಿಯೊಂದೂ ಒಂದೊಂದು ಉದ್ದನೆಯ ರೆಕ್ಕೆಯನ್ನು ಹೊರಚಾಚಿರುತ್ತವೆ. ಬಲಿತಾಗ ಎರಡಾಗಿ ಬೇರ್ಪಟ್ಟು ತಿರುಗುತ್ತ ಗಾಳಿಯಲ್ಲಿ ಇಳಿಯುತ್ತವೆ. ಈ ಪ್ರಭೇದದಲ್ಲಿ ಬೀಜದ ಭಾಗ ದಪ್ಪ, ರೋಮಭರಿತ ಮತ್ತು ಮರದಷ್ಟು ಗಟ್ಟಿ. ಬ್ಲೇಡು ಜಾರಿತು, ಚಾಕು ಜಾರಿತು. ಕೊನೆಗೆ ದೊಡ್ಡಮ್ಮನೇ ತನ್ನ ಅಡಕೆ ಕತ್ತರಿಯನ್ನು ಮುಂದೆ ಸರಿಸಿದಳು. ಕಟ್ ಎಂದು ಕಾಯಿ ಎರಡು ಹೋಳಾಯಿತು. ಒಳಗೆ ಏನೂ ಇರಲಿಲ್ಲ. ಇನ್ನೊಂದನ್ನು ಕತ್ತರಿಸಿದರೆ ಅದೂ ಪೊಳ್ಳು. ದಪ್ಪ ಗೋಡೆಯ ನಡುವೆ ಬೀಜವಿರಬೇಕಾದ ಜಾಗದಲ್ಲಿ ಕಂದು ಬಣ್ಣದ ಒಂದು ಸುಕ್ಕು ಸಿಪ್ಪೆ ಮಾತ್ರ ಅಂಟಿತ್ತು.

ಈ ಮರದ ಸಂಕಟವೆಲ್ಲ ಆ ಪೊಳ್ಳಿನಲ್ಲಿದೆ. ಪರಾಗಸ್ಪರ್ಶ ಸರಿಯಾಗಿ ಆಗದಿದ್ದರೂ ಇದು ಕಾಯಿ ಕಟ್ಟುತ್ತದೆ. ಹೊರಗಿನಿಂದ ನೋಡಿದರೆ ಕೊಂಬೆ ತುಂಬ ರೆಕ್ಕೆಕಾಯಿಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಬರಿದು. ಒಂದು ಮರಕ್ಕೆ ಇನ್ನೊಂದು ಮರ ದೂರವಾದಷ್ಟೂ ಬೀಜ ತುಂಬುವ ಸಾಧ್ಯತೆ ಕುಗ್ಗುತ್ತದೆ, ಬೀಜ ತುಂಬದಷ್ಟೂ ಮರಗಳು ಇನ್ನಷ್ಟು ದೂರವಾಗುತ್ತವೆ. ತುಂಬಿದ ಕೆಲವೇ ಬೀಜಗಳೂ ಆ ಗಟ್ಟಿ ಕವಚದೊಳಗೆ ಹಲವೊಮ್ಮೆ ಎರಡು ವರ್ಷ ಮಲಗಿ ಆಮೇಲೆ ಮೊಳೆಯುತ್ತವೆ. ದೊಡ್ಡಮ್ಮ ಆ ಎರಡು ಹೋಳುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಅಡಕೆಯಲ್ಲಿ ಪೊಳ್ಳು ಕಂಡರೆ ಆಗುವ ಬೇಸರವೇ ಅವಳ ಮುಖದಲ್ಲಿತ್ತು.

ಎರಡನೆಯ ದಿನ: ಹಿತ್ತಿಲು, ಆಮೇಲೆ ಪೊಸಡಿ ಗುಂಪೆ

ಬೆಳಿಗ್ಗೆ ಎದ್ದವನು ದೂರ ಹೋಗಬೇಕಾಗಲಿಲ್ಲ. ದೊಡ್ಡಮ್ಮನ ಹಿತ್ತಿಲಿನ ಗಡಿಯಲ್ಲಿ, ತೋಡಿನ ಪಕ್ಕ, ನನ್ನ ಬಾಲ್ಯದಿಂದಲೂ ಇರುವ ಅಂಟುವಾಳದ ಮರ ಹೂ ಬಿಟ್ಟಿತ್ತು. ಜೇನಿನ ಝೇಂಕಾರ ಕೊಟ್ಟಿಗೆಯವರೆಗೂ ಕೇಳುತ್ತಿತ್ತು. ಮೇಪಲ್‌ನ ನೆಂಟರನ್ನು ಹುಡುಕುವವರು ಮೊದಲು ಬಂದು ನಿಲ್ಲಬೇಕಾದದ್ದು ಈ ಮರದ ಬುಡದಲ್ಲಿಯೇ.

ದಕ್ಷಿಣ ಭಾರತದ ಯಾವ ಕಾಡಿನಲ್ಲಿಯೂ ಸಹಜವಾಗಿ ಬೆಳೆಯುವ ಮೇಪಲ್ ಇಲ್ಲ. ಭಾರತದ ಮೇಪಲ್‌ಗಳು ಹಿಮಾಲಯದ ಮತ್ತು ಈಶಾನ್ಯದ ಬೆಟ್ಟಗಳವು. ನಾನು ಓದುವ ಕಾಲದಲ್ಲಿ ಮೇಪಲ್‌ಗಳಿಗೆ ಏಸರೇಸಿ ಎಂಬ ಪ್ರತ್ಯೇಕ ಕುಟುಂಬವೇ ಇತ್ತು. 1998ರಲ್ಲಿ ವಂಶವಾಹಿಗಳ ಸಾಕ್ಷ್ಯದ ಮೇಲೆ ಹೂಬಿಡುವ ಸಸ್ಯಗಳ ಕುಟುಂಬಗಳನ್ನು ಹೊಸದಾಗಿ ಜೋಡಿಸಿದಾಗ ಆ ಕುಟುಂಬವನ್ನು ಸ್ಯಾಪಿಂಡೇಸಿಯೊಳಗೆ ಸೇರಿಸಲಾಯಿತು. ಸ್ಯಾಪಿಂಡೇಸಿ ಎಂಬ ಹೆಸರು ಬಂದದ್ದು ಸ್ಯಾಪಿಂಡಸ್ ಎಂಬ ಕುಲದಿಂದ. ಸ್ಯಾಪಿಂಡಸ್ ಎಂದರೆ ಲ್ಯಾಟಿನ್‌ನಲ್ಲಿ ಭಾರತದ ಸಾಬೂನು, ಅಂದರೆ ನಮ್ಮ ಅಂಟುವಾಳ. ಬಾವುಟಗಳಲ್ಲಿ ರಾರಾಜಿಸುವ ಮೇಪಲ್ ಇಂದು ಅಂಟುವಾಳದ ಮನೆಹೆಸರನ್ನು ಹೊತ್ತಿದೆ ಎಂಬುದನ್ನು ನಮ್ಮ ಶಾಲಾ ಪುಸ್ತಕಗಳು ಇಷ್ಟು ಹೊತ್ತಿಗೆ ಹೇಳಬೇಕಾಗಿತ್ತು ಎಂದು ನನಗೆ ಅನಿಸುತ್ತದೆ.

ಕೆಳಗಿನ ಕೊಂಬೆಯೊಂದನ್ನು ಬಗ್ಗಿಸಿ ಒಂದು ಹೂವನ್ನು ಭೂತಕನ್ನಡಿಯ ಕೆಳಗೆ ಹಿಡಿದೆ. ಗಾತ್ರದಲ್ಲಿ ಅದು ಕೊತ್ತಂಬರಿ ಕಾಳಿನಷ್ಟು. ಮಂಕು ಬಿಳಿಯ ಕಿರಿದಾದ ದಳಗಳ ಮೇಲೆಲ್ಲ ರೋಮ; ನಡುವೆ ಎಂಟು ಕೇಸರಗಳು, ಅವುಗಳ ದಂಟಿಗೂ ರೋಮ; ಕೇಸರಗಳ ಬುಡವನ್ನು ಸುತ್ತುವರಿದು, ಒದ್ದೆಯಾಗಿ ಹೊಳೆಯುವ ಉಂಗುರದಂಥ ಮಕರಂದದ ಬಿಲ್ಲೆ. ಹೂವಿನಲ್ಲಿ ಸಿಹಿ ಒಸರುವುದು ಆ ಬಿಲ್ಲೆಯಿಂದ. ಮೇಪಲ್ ಹೂವಿನಲ್ಲಿಯೂ ಸಾಮಾನ್ಯವಾಗಿ ಎಂಟು ಕೇಸರ, ಅಲ್ಲಿಯೂ ಇಂಥದೇ ಬಿಲ್ಲೆ. ಅಂಟುವಾಳದ ಅಂಡಾಶಯ ಮೂರು ಹಾಲೆಗಳದ್ದು, ಅಂದರೆ ಮೂರು ಉಬ್ಬು ಭಾಗಗಳದ್ದು; ಮೇಪಲ್‌ನದು ಎರಡರದ್ದು. ಎರಡರಲ್ಲಿಯೂ ಕಾಯಿ ಬಲಿತಾಗ ಹಾಲೆಗಳು ಒಂದರಿಂದೊಂದು ಬಿಡಿಸಿಕೊಳ್ಳುವ ಸ್ವಭಾವವಿದೆ. ಒಂದು ರೆಕ್ಕೆ ಮೂಡಿಸಿಕೊಂಡು ಗಾಳಿಯ ಪಾಲಾಗುತ್ತದೆ, ಇನ್ನೊಂದು ಸಿಪ್ಪೆಯಲ್ಲಿ ನೊರೆ ತುಂಬಿಕೊಂಡು ಮರದ ಬುಡಕ್ಕೆ ಬೀಳುತ್ತದೆ.

ಎಲೆ ಮಾತ್ರ ಬೇರೆಯೇ ದಾರಿ ಹಿಡಿದಿದೆ. ಮೇಪಲ್‌ನ ಎಲೆಗಳು ಕೊಂಬೆಯ ಮೇಲೆ ಎದುರುಬದುರಾಗಿ ಹುಟ್ಟುತ್ತವೆ, ಅಂಟುವಾಳದವು ಒಂದು ಬಿಟ್ಟು ಒಂದರಂತೆ. ಅಂಟುವಾಳದ ಎಲೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ಜೊತೆ ಕಿರುಎಲೆಗಳಿದ್ದು, ತುದಿಯ ಜೊತೆ ಎಲ್ಲಕ್ಕಿಂತ ದೊಡ್ಡದು. ಆದರೂ ಇದರ ಶಾಸ್ತ್ರೀಯ ಹೆಸರು ಸ್ಯಾಪಿಂಡಸ್ ಟ್ರೈಫೋಲಿಯೇಟಸ್, ಅಂದರೆ ಮೂರೆಲೆಯ ಅಂಟುವಾಳ! ಎಲೆ ನೋಡಿ ಇಟ್ಟ ಹೆಸರು ಮರಕ್ಕೆ ಸರಿಹೊಂದದಿರುವುದು ಇದೇ ಮೊದಲಲ್ಲ, ಕೊನೆಯೂ ಅಲ್ಲ. ದೊಡ್ಡಮ್ಮ ಡಬ್ಬಿಯಲ್ಲಿಟ್ಟ ಹಿಂದಿನ ವರ್ಷದ ಕಾಯಿಗಳನ್ನು ತೋರಿಸುತ್ತ, "ಇದರ ನೊರೆಲಿ ತೊಳದರೆ ಪಟ್ಟೆ ಸೀರೆ ಬಣ್ಣ ಬಿಡ್ತಿಲ್ಲೆ ಮಗ" ಎಂದಳು. ಅದು ಸ್ಯಾಪೊನಿನ್ ಎಂಬ ಪದಾರ್ಥದ ಗುಣ. ಈ ಕುಟುಂಬದ ಹಲವು ಸಸ್ಯಗಳಲ್ಲಿ ಅದು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಮಧ್ಯಾಹ್ನದ ಬಳಿಕ ಭಾವ ಜೀಪು ತಂದರು. ಧರ್ಮತ್ತಡ್ಕದ ಕಡೆಯಿಂದ ಪೊಸಡಿ ಗುಂಪೆಯ ಬುಡ ತಲುಪಿದೆವು. ಸಾವಿರ ಅಡಿಗಿಂತ ಸ್ವಲ್ಪ ಹೆಚ್ಚು ಎತ್ತರದ ಈ ಗುಡ್ಡದ ಮೈಯೆಲ್ಲ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಮತ್ತು ಹುಲ್ಲು. ಅನುಕೂಲವಾದ ಜಾಗಗಳಲ್ಲಿ ಮಾತ್ರ ಪೊದೆ, ಕುರುಚಲು ಮರಗಳು. ದಾರಿಯುದ್ದಕ್ಕೂ ಹುಣಾಲಿನ ಮರಗಳು ತುಕ್ಕು ಕೆಂಪಿನ ಕಾಯಿಗಳಿಂದ ತುಂಬಿದ್ದವು. ಕಾಡಿಗೆ ಶರತ್ಕಾಲ ಬಂದಿತೇನೋ ಎಂಬಂಥ ನೋಟವದು. ಭಾವ ಜೀಪು ನಿಲ್ಲಿಸಿ, "ಭಾವಾ, ಇದಕ್ಕೂ ರೆಕ್ಕೆ ಉಂಟಲ್ಲ?" ಎಂದು ಒಂದು ಗೊಂಚಲು ತೋರಿಸಿದರು. ರೆಕ್ಕೆಯೇನೋ ಇತ್ತು, ಒಂದು ದೊಡ್ಡದು, ಎರಡು ಚಿಕ್ಕವು. ಆದರೆ ಹುಣಾಲು ಮತ್ತಿ, ತಾರೆಗಳ ಕುಟುಂಬದ್ದು. ಮಾಧವಿಲತೆಯ ಕಾಯಿಗೂ ಮೂರು ರೆಕ್ಕೆಗಳಿವೆ, ಅದು ಇನ್ನೊಂದೇ ಕುಟುಂಬದ್ದು. ಗಾಳಿಯಲ್ಲಿ ಹಾರಬೇಕೆಂಬ ಅಗತ್ಯ ಬಂದಾಗ ಬೇರೆ ಬೇರೆ ಕುಲದ ಮರಗಳು ತಮ್ಮ ತಮ್ಮ ದಾರಿಯಲ್ಲಿ ರೆಕ್ಕೆ ಕಟ್ಟಿಕೊಂಡಿವೆ. ಆದ್ದರಿಂದ ರೆಕ್ಕೆಯೊಂದನ್ನೇ ನಂಬಿ ನೆಂಟಸ್ತಿಕೆ ಹೇಳುವಂತಿಲ್ಲ.

ನಾನು ಹುಡುಕುತ್ತಿದ್ದ ಗಿಡ ಗುಡ್ಡದ ಅರ್ಧ ದಾರಿಯಲ್ಲಿ, ಮುರಕಲ್ಲಿನ ಒಂದು ಸಂದಿನಿಂದ ಎದ್ದು ನಿಂತಿತ್ತು. ಆಳೆತ್ತರಕ್ಕಿಂತ ತುಸು ಹೆಚ್ಚು, ಮರ ಎನ್ನಲೂ ಪೊದೆ ಎನ್ನಲೂ ಒಪ್ಪುವ ಗಾತ್ರ. ಮಲಯಾಳಿಗಳು ಮುಕ್ಕಣ್ಣನ್‌ಪೇಳ್ ಎಂದು ಕರೆಯುವ ಇದು ಅಲೋಫಿಲಸ್ ಕಾಬ್ಬೆ. ಮುಕ್ಕಣ್ಣ ಎನ್ನುವುದು ಅದರ ಮೂರು ಕಿರುಎಲೆಗಳಿಗೆ ಸಂದ ಹೆಸರಿರಬೇಕು. ಕಲ್ಲಿನ ಮೇಲೆ ಕುಳಿತು ಲಕೋಟೆಯ ಎಲೆಯನ್ನು ತೆಗೆದು ಇದರ ಎಲೆಯ ಪಕ್ಕ ಹಿಡಿದಾಗ ಭಾವ ಕೂಡ ಒಂದು ಕ್ಷಣ ಮಾತು ನಿಲ್ಲಿಸಿದರು. ಒಂದೇ ತೊಟ್ಟಿನಲ್ಲಿ ಮೂರು ಕಿರುಎಲೆ ಇಲ್ಲಿಯೂ, ಅಂಚಿನಲ್ಲಿ ಹಲ್ಲು ಇಲ್ಲಿಯೂ. ಚೀನಾದ ಬೆಟ್ಟದ ಮರವೂ ಕಾಸರಗೋಡಿನ ಗುಡ್ಡದ ಗಿಡವೂ ಒಂದೇ ಅಚ್ಚಿನಿಂದ ಬಂದಂತೆ ಕಂಡವು.

ಆದರೆ ಇಲ್ಲಿಯೇ ಎಚ್ಚರವಿರಬೇಕು. ಲಿನೇಯಸ್ 1753ರಲ್ಲಿ ಈ ಗಿಡವನ್ನು ವರ್ಣಿಸಿದಾಗ ಮೂರೆಲೆಯನ್ನು ಕಂಡು ಇದನ್ನು ಸುಮ್ಯಾಕ್‌ಗಳ ರಸ್ ಎಂಬ ಕುಲಕ್ಕೆ ಸೇರಿಸಿದ್ದರು, ಅಂದರೆ ಮಾವು ಗೇರುಗಳ ಬಳಗಕ್ಕೆ. ಇಂದು ಅದು ಇರುವ ಅಲೋಫಿಲಸ್ ಕುಲದ ಹೆಸರಿಗೆ ಗ್ರೀಕ್‌ನಲ್ಲಿ ಅನ್ಯಕುಲದವನು ಎಂದು ಅರ್ಥ. ಅನ್ಯನೆಂದು ಹೆಸರು ಹೊತ್ತ ಈ ಗಿಡ ಅಂಟುವಾಳಕ್ಕೂ ಮೇಪಲ್‌ಗೂ ನೆಂಟನೆಂದು ತಿಳಿಯುವುದು ಎಲೆಯಿಂದಲ್ಲ, ಹೂವು ಕಾಯಿಗಳಿಂದ. ಅದೃಷ್ಟಕ್ಕೆ ನಮ್ಮ ಗಿಡದ ತುದಿಯ ಕದಿರುಗಳಲ್ಲಿ ಇನ್ನೂ ಕೆಲವು ಹೂಗಳಿದ್ದವು, ಕೆಳಗಿನವುಗಳಲ್ಲಿ ಕೆಂಪು ಹಣ್ಣುಗಳಿದ್ದವು. ಸಾಸಿವೆಗಿಂತ ತುಸು ದೊಡ್ಡದಾದ ಹೂವಿನಲ್ಲಿ ನಾಲ್ಕು ದಳ, ಮತ್ತೆ ಅದೇ ಎಂಟು ಕೇಸರ. ಮಕರಂದದ ಬಿಲ್ಲೆ ಮಾತ್ರ ಇಲ್ಲಿ ಪೂರ್ಣ ಉಂಗುರವಾಗದೆ ಒಂದು ಬದಿಗೆ ಸರಿದುಕೊಂಡಿತ್ತು.

ಆ ಸಂಜೆಯ ದೊಡ್ಡ ಲಾಭ ಹಣ್ಣಿನಲ್ಲಿತ್ತು. ಬಟಾಣಿಯಷ್ಟು ದೊಡ್ಡ, ನುಣುಪಾದ ಕೆಂಪು ಹಣ್ಣೊಂದನ್ನು ತೊಟ್ಟಿನ ಸಮೇತ ತಿರುಗಿಸಿ ನೋಡಿದರೆ, ಅದರ ಬುಡದ ಒಂದು ಪಕ್ಕದಲ್ಲಿ ಎಳ್ಳಿನ ಗಾತ್ರದ ಕಪ್ಪು ಗುಬಟು ಅಂಟಿಕೊಂಡಿತ್ತು. ಅದು ಕಸವಲ್ಲ, ಹುಳು ಕಡಿದ ಗಾಯವೂ ಅಲ್ಲ. ಈ ಗಿಡದ ಅಂಡಾಶಯ ಮೇಪಲ್‌ನಂತೆಯೇ ಸಾಮಾನ್ಯವಾಗಿ ಎರಡು ಹಾಲೆಗಳದ್ದು; ಒಂದು ಹಾಲೆ ಬೆಳೆದು ಹಣ್ಣಾದರೆ ಇನ್ನೊಂದು ಬೆಳೆಯದೆ ಹೀಗೆ ಒಣಗಿ ಉಳಿಯುತ್ತದೆ. ಮೇಪಲ್‌ನ ಜೋಡಿ ಕಾಯಿಯನ್ನು ಅದರ ಪಕ್ಕ ಇಟ್ಟೆ. ಅಲ್ಲಿ ಎರಡು ಹಾಲೆಗಳೂ ಬೆಳೆದು ಎರಡೂ ಪೊಳ್ಳಾಗಿದ್ದವು; ಇಲ್ಲಿ ಒಂದನ್ನು ಬಿಟ್ಟುಕೊಟ್ಟ ಗಿಡ ಇನ್ನೊಂದರಲ್ಲಿ ಗಟ್ಟಿಯಾದ ಬೀಜವನ್ನು ತುಂಬಿತ್ತು. ಸೂರ್ಯ ಅರಬ್ಬಿ ಸಮುದ್ರದ ಕಡೆಗೆ ಇಳಿಯುವವರೆಗೂ ಹಣ್ಣಿನ ಮೇಲೆ ಹಣ್ಣು ತಿರುಗಿಸಿ ನೋಡುತ್ತಲೇ ಇದ್ದೆ. ನೋಡಿದ ಎಲ್ಲದರಲ್ಲಿಯೂ ಆ ಗುಬಟು ಇತ್ತು, ಕೆಲವದರಲ್ಲಿ ಬರಿಗಣ್ಣಿಗೇ ಕಾಣುವಷ್ಟು. ಒಂದು ಚಿಕ್ಕ ರೆಂಬೆಯನ್ನು ಕತ್ತರಿಸಿ ಹಳೆಯ ಪತ್ರಿಕೆಯ ನಡುವೆ ಇರಿಸಿದೆ.

ಮೂರನೆಯ ದಿನ: ಇಡಯಿಲೆಕ್ಕಾಡು

ತೃಕ್ಕರಿಪುರದ ಕಡೆಯಿಂದ ಕವ್ವಾಯಿ ಹಿನ್ನೀರಿನ ನಡುವಿನ ಇಡಯಿಲೆಕ್ಕಾಡಿಗೆ ಹೋಗಿದ್ದೆ. ಓಣಂ ಸಮಯದಲ್ಲಿ ಮಂಗಗಳಿಗೆ ಎಲೆ ಹಾಕಿ ಹಬ್ಬದೂಟ ಬಡಿಸುವ ಕಾವು, ಅಂದರೆ ದೇವರ ಬನ, ಅದು. ಕಾವಿನೊಳಗೆ ಎಲೆ ಕೀಳುವುದು ಸಲ್ಲದು, ಕೀಳುವ ಮನಸ್ಸೂ ನನಗಿರಲಿಲ್ಲ. ತುಲಾ ತಿಂಗಳ ಹಿಂಗಾರು ಮಳೆ ಮಧ್ಯಾಹ್ನವೇ ಸುರಿಯಲು ತೊಡಗಿದ್ದರಿಂದ ಹೆಚ್ಚೇನೂ ನೋಡಲಾಗಲಿಲ್ಲ.

ಆದರೂ ಮರಳಿ ಬರುವಾಗ ಬೇಲಿಯೊಂದರ ಮೇಲೆ ಹಬ್ಬಿದ್ದ ಉಳಿಞ ಬಳ್ಳಿ ಸಿಕ್ಕಿತು. ಕರ್ಕಾಟಕ ಮಾಸದಲ್ಲಿ ಕೇರಳದ ಹೆಂಗಸರು ಮುಡಿಯುವ ದಶಪುಷ್ಪಗಳಲ್ಲಿ ಇದೂ ಒಂದು. ಕನ್ನಡದಲ್ಲಿ ಇದನ್ನು ಅಗ್ನಿಬಳ್ಳಿ ಎನ್ನುವುದುಂಟು. ಇದೂ ಅಂಟುವಾಳದ ಕುಟುಂಬದ್ದೇ. ಮೂರು ಮೂಲೆಯ ಬುಗ್ಗೆಯಂಥ ಕಾಯಿಯೊಳಗೆ ಮೂರು ಕೋಣೆ, ಕೋಣೆಗೊಂದು ಕಪ್ಪು ಬೀಜ, ಬೀಜದ ಮೇಲೆ ಸುಣ್ಣದಲ್ಲಿ ಬರೆದಂತೆ ಬಿಳಿಯ ಹೃದಯದ ಆಕಾರ. ಮೇಪಲ್ ರೆಕ್ಕೆಯಿಂದ ಸಾಧಿಸುವುದನ್ನು ಈ ಬಳ್ಳಿ ತನ್ನ ಗಾಳಿ ತುಂಬಿದ ಬುಗ್ಗೆಯಿಂದ ಸಾಧಿಸುತ್ತದೆ. ರೈಲು ನಿಲ್ದಾಣದಲ್ಲಿ ಚೀಲ ಬಿಚ್ಚಿದಾಗ ಲಕೋಟೆಗೆ ನೀರು ತಾಗಿತ್ತು. ಮೇಪಲ್‌ನ ಒಂದು ಪಕ್ಕದ ಕಿರುಎಲೆ ಹರಿಯದೆ, ಮುರಿಯದೆ, ತನ್ನ ಬುಡದಲ್ಲಿ ನುಣ್ಣಗೆ ಕಳಚಿಕೊಂಡಿತ್ತು. ಸೀಳಿದ ಒಂದೇ ಎಲೆ ಹೀಗೆ ಕಳಚುವುದಿಲ್ಲ. ಬಿಡಿ ಕಿರುಎಲೆ ಮಾತ್ರ ಹೀಗೆ ಕಳಚೀತು. ಬೇಸರವಾದರೂ ಅದನ್ನು ಬೇರೆ ಕಾಗದದಲ್ಲಿ ಮಡಚಿಟ್ಟುಕೊಂಡೆ.

ನಾಲ್ಕನೆಯ ದಿನ: ರಾಣಿಪುರಂ

ಕಾಞಂಗಾಡಿನಿಂದ ಪಾಣತ್ತೂರು ದಾರಿಯಲ್ಲಿ ಹೊರಟು, ರಾಜಪುರಂ ದಾಟಿ, ಹಿಂದೆ ಮಾಡತ್ತುಮಲ ಎಂದು ಕರೆಯುತ್ತಿದ್ದ ರಾಣಿಪುರಕ್ಕೆ ಹತ್ತು ಗಂಟೆಯೊಳಗೆ ತಲುಪಿದೆವು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಕೊಡಗಿನ ಗಡಿಗೆ ತಾಗಿದಂತೆ ಇರುವ ಈ ಬೆಟ್ಟದಲ್ಲಿ ಹುಲ್ಲುಗಾವಲೂ ಮಳೆಕಾಡೂ ಒಂದರ ಮಗ್ಗುಲಲ್ಲಿ ಒಂದು ಇವೆ. ಚೀಟಿ ಕೊಡುವ ಅರಣ್ಯ ಸಿಬ್ಬಂದಿ ನನ್ನ ಪತ್ರಿಕೆಗಳ ಕಟ್ಟನ್ನು ನೋಡಿ, ಒಳಗಿನಿಂದ ಒಂದು ಎಲೆಯನ್ನೂ ತರುವಂತಿಲ್ಲ ಎಂದರು. ಅದು ಸರಿಯಾದ ಮಾತು. ಕಟ್ಟನ್ನು ಜೀಪಿನಲ್ಲಿಯೇ ಬಿಟ್ಟೆ.

ಕಾಡಿನೊಳಗೆ ಜಿಗಣೆಗಳಿಗೆ ಇನ್ನೂ ಮಳೆಗಾಲ ಮುಗಿದಿರಲಿಲ್ಲ. ಹೂಬಿಟ್ಟ ಮರಗಳು ಕಡಿಮೆ. ಹೂವಿಲ್ಲದ ಕಾಲದಲ್ಲಿ ಅಂಟುವಾಳದ ಬಳಗವನ್ನು ಗುರುತಿಸಲು ನಾನು ವಿದ್ಯಾರ್ಥಿಗಳಿಗೆ ಒಂದು ಉಪಾಯ ಹೇಳಿಕೊಡುತ್ತಿದ್ದೆ: ಗರಿಯಂಥ ಎಲೆಯ ತುದಿಗೆ ಹೋಗಿ, ಕೊನೆಯ ಕಿರುಎಲೆ ನಿಜವಾಗಿಯೂ ತುದಿಯದೇ ಎಂದು ಪರೀಕ್ಷಿಸಬೇಕು. ಈ ಬಳಗದ ಬಹಳಷ್ಟು ಮರಗಳಲ್ಲಿ ಎಲೆಯ ದಿಂಡು ಥಟ್ಟನೆ ನಿಂತುಹೋಗಿ, ತುದಿಯಂತೆ ಕಾಣುವ ಕಿರುಎಲೆಯ ಪಕ್ಕದಲ್ಲಿ ಒಂದು ಚಿಕ್ಕ ಮೊಳೆಯಂಥ ಮೊನೆ ಉಳಿದಿರುತ್ತದೆ. ಕಾಲುದಾರಿಯ ಬಾಗಿನಲ್ಲಿ, ಎಳೆಯ ಎಲೆಗಳು ನಸುಗೆಂಪಾಗಿ ಜೋತುಬಿದ್ದಿದ್ದ ಒಂದು ಎಳೆಮರದಲ್ಲಿ ಆ ಮೊನೆ ಸ್ಪಷ್ಟವಾಗಿತ್ತು. ಕಿರುಎಲೆಗಳ ಹಿಂಬದಿಯ ತೆಳುಬಣ್ಣ, ನರಗಳ ಜೋಡಣೆ ಎಲ್ಲವನ್ನೂ ನೋಡಿ ಅದು ಡೈಮೊಕಾರ್ಪಸ್ ಲಾಂಗನ್ ಎಂದು ನಿರ್ಧರಿಸಿದೆ. ಈಗ ಪೇಟೆಯ ಅಂಗಡಿಗಳಲ್ಲಿ ಕಾಣುವ ಲಾಂಗನ್ ಹಣ್ಣಿನ ಕಾಡುರೂಪವದು. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳ ಹಳೆಯ ನಿವಾಸಿ.

ಇಳಿಯುವಾಗ ಕಾಡಿನಂಚಿನಲ್ಲಿ ಸಾಗಡೆಯ ದೊಡ್ಡ ಮರವೊಂದನ್ನು ಕಂಡೆವು. ಮಲಯಾಳದಲ್ಲಿ ಇದು ಪೂವಂ. ಇದೂ ಅಂಟುವಾಳದ ಬಳಗದ್ದು, ಹೂವಿಗೆ ದಳಗಳೇ ಇಲ್ಲದ ಮರ. ಫೆಬ್ರವರಿ ಮಾರ್ಚ್‌ನಲ್ಲಿ ಇದು ಚಿಗುರಿದಾಗ ಇಡೀ ಮರ ರಕ್ತಗೆಂಪಾಗುತ್ತದೆ. ಮೇಪಲ್‌ಗಳ ಕೆಂಪು ಎಲೆ ಉದುರುವ ಹೊತ್ತಿನದು. ಸಾಗಡೆಯ ಕೆಂಪು ಎಲೆ ಹುಟ್ಟುವ ಹೊತ್ತಿನದು. ಆ ಚಿಗುರಿನ ಚಿತ್ರವನ್ನು ತೆಗೆದು ಕಳುಹಿಸುವುದಕ್ಕಾಗಿ ಮಾರ್ಚ್‌ನಲ್ಲಿ ಮತ್ತೆ ಬರುವುದೆಂದು ಭಾವನ ಜೊತೆ ಮಾತಾಯಿತು.

ರಾತ್ರಿ ನೀರ್ಚಾಲಿಗೆ ಮರಳಿ, ಪೊಸಡಿ ಗುಂಪೆಯ ರೆಂಬೆಯನ್ನು ಒಣ ಪತ್ರಿಕೆಗೆ ಬದಲಾಯಿಸಿದೆ. ಹಣ್ಣುಗಳು ಆಗಲೇ ಕಪ್ಪಾಗತೊಡಗಿದ್ದವು, ಬುಡದ ಗುಬಟುಗಳು ಮೊದಲಿಗಿಂತ ಎದ್ದು ಕಾಣುತ್ತಿದ್ದವು. ಸೊಸೆಗೆ ಕಳುಹಿಸುವ ಚಿತ್ರದಲ್ಲಿ ಅದು ಕಾಣಲಿ ಎಂದು ಒಂದು ಹಣ್ಣನ್ನು ಮಗುಚಿ ಇಟ್ಟು, ಕತ್ತರಿಸಿದ ಮೇಪಲ್ ಕಾಯಿಯ ಹೋಳನ್ನು ಪಕ್ಕಕ್ಕೆ ಜೋಡಿಸಿ, ಚೀಟಿಯಲ್ಲಿ ಬರೆದೆ: "ಅಲೋಫಿಲಸ್ ಕಾಬ್ಬೆ. ಪೊಸಡಿ ಗುಂಪೆಯ ಪಡುಬದಿ, ಮುರಕಲ್ಲಿನ ಸಂದು. ಎಲೆಗಳು ಒಂದು ಬಿಟ್ಟು ಒಂದು, ಮೂರು ಕಿರುಎಲೆ. ಕೇಸರ ಎಂಟು. ಎರಡು ಹಾಲೆಗಳಲ್ಲಿ ಬಲಿತದ್ದು ಒಂದು; ಬೀಜ ತುಂಬಿದೆ."